ಬಂದೂಕಿಗೆ ಅಂಕ ಕೊಟ್ಟವರು

ಓಮಾನಿನಿಂದ ನಾನು ಸಿಟ್ಟು ಹೊತ್ತುಕೊಂಡು ಬಂದೆ. ಹೋಗಿಬಂದವರು ಅಲ್ಲಿನ ಬೆಟ್ಟ, ಸಮುದ್ರ, ಖರ್ಜೂರ, ಜನರ ಸೌಜನ್ಯದ ಬಗ್ಗೆ ಬರೆಯುತ್ತಾರೆ. ಅವೆಲ್ಲ ಇರುವುದು ನಿಜ. ನನ್ನ ಡೈರಿಯ ಆ ಪುಟಗಳಲ್ಲಿ ಮಾತ್ರ ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿದೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವಾಗ ಹುಡುಗರಿಗೆ ಹೇಳುತ್ತೇನೆ: ಸಾಕ್ಷಿ ಯಾವ ಕಡೆ ನಿಂತು ನೋಡಿದ ಅಂತ ಮೊದಲು ಕೇಳಿ. ಇಲ್ಲಿ ಸಾಕ್ಷಿ ನಾನೇ. ನಾನು ನಿಂತದ್ದು ಯಾವ ಕಡೆ ಎಂಬುದೇ ಈ ಬರಹದ ತಕರಾರು.

ಸೀಬ್, ವಿಮಾನ ನಿಲ್ದಾಣ

ಅಣ್ಣ ವಾದಿರಾಜ ಫೋನಿನಲ್ಲಿ ಹೇಳಿದ್ದ: "ನಿನ್ನ ಶೂಟಿಂಗಿನ ಸಾಮಾನು ತಗೊಂಡ ಬಾ. ಬಂದೂಕು ಒಂದು ಬಿಟ್ಟು." ಯಾಕೆಂದು ಕೇಳಿದರೆ "ಬಾರವಾ, ಬಂದಮ್ಯಾಲೆ ಹೇಳ್ತೀನಿ" ಎಂದ. ಧಾರವಾಡದಲ್ಲಿ ಓದುವಾಗ ನಾನು ಎನ್.ಸಿ.ಸಿ.ಯಲ್ಲಿ ಗುರಿ ಹೊಡೆಯುತ್ತಿದ್ದವಳು. ಈಗ ಭಾನುವಾರಗಳಂದು ಊರಿನ ರೈಫಲ್ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ. ಕ್ಯಾನ್ವಾಸಿನ ಜಾಕೆಟ್ಟು, ತೋಳಿಗೆ ಬಿಗಿಯುವ ತೊಗಲಿನ ಪಟ್ಟಿ, ಗುರಿಹಲಗೆ ನೋಡುವ ಸಣ್ಣ ದುರ್ಬೀನು ತುಂಬಿಕೊಂಡು ಹೊರಟೆ.

ಬೆಂಗಳೂರಿನಲ್ಲಿ ತಪಾಸಣೆಯವನು ಪಟ್ಟಿಯನ್ನು ಸತ್ತ ಹಾವಿನಂತೆ ಎತ್ತಿ ಹಿಡಿದು, "ಯಜಮಾನ್ರು ಮಿಲಿಟ್ರೀಲಿದಾರಾ ಮೇಡಂ?" ಎಂದ. ಇಲ್ಲವೆಂದೆ. "ಮತ್ತೆ ಇದು ಯಾರ್ದು?" ನನ್ನದು ಎಂದರೂ ಅವನ ಮುಖ ಸಡಿಲವಾಗಲಿಲ್ಲ.

ಸೀಬಿನ ಸುಂಕದ ಅಧಿಕಾರಿ ಅದನ್ನು ನೋಡಿ ಕಣ್ಣರಳಿಸಿದ. "ತುಫಕ್?" ಎಂದ. ನಮ್ಮ ತುಪಾಕಿಯೇ. ತಲೆಯಾಡಿಸಿದೆ. "ಯೂ?" ಎಂದು ನನ್ನತ್ತ ಬೆರಳು ತೋರಿಸಿದ. "ಮೀ" ಎಂದೆ. ಪಟ್ಟಿಯನ್ನು ತನ್ನ ತೋಳಿಗೆ ಏರಿಸಿಕೊಂಡು, ಇಲ್ಲದ ಬಂದೂಕನ್ನು ಎತ್ತಿ, ಕಂಬದ ಮೇಲಿನ ಗಡಿಯಾರಕ್ಕೆ ಗುರಿಯಿಟ್ಟ. ಪಕ್ಕದವನನ್ನು ಕರೆದು ತೋರಿಸಿದ. ನನ್ನನ್ನು ಗೌರವದಿಂದ ಹೊರಗೆ ಬಿಟ್ಟ. ಪಟ್ಟಿ ಅವನ ತೋಳಲ್ಲೇ ಉಳಿಯಿತು. ಅಣ್ಣನ ಕಾರು ಹತ್ತುವಾಗ ನೆನಪಾಗಿ ವಾಪಸು ಓಡಿದರೆ ಅವನು ಮೂರನೆಯವನೊಬ್ಬನಿಗೆ ಅದನ್ನು ಕಟ್ಟುವ ಬಗೆ ಕಲಿಸುತ್ತಿದ್ದ.

ಬಂದೂಕು ಯಾರದ್ದು ಎಂದು ಕೇಳದ ದೇಶ ಎಂದು ಅಂದು ಬರೆದುಕೊಂಡಿದ್ದೇನೆ. ಮುಂದೆ ಆ ಸಾಲನ್ನು ಹೊಡೆದುಹಾಕಿದ್ದೇನೆ.

ಸೀಬ್, ಅಣ್ಣನ ಮನೆ

ಸೀಬಿನಲ್ಲಿ ಹಾಲು ತರಲೂ ಕಾರು ಬೇಕು. ಬಿಳಿಯ ವಿಲ್ಲಾಗಳು ಒಂದರ ಬೆನ್ನಿಗೊಂದು ನಿಂತಿವೆ, ಬೀದಿಯಲ್ಲಿ ನಡೆಯುವವರಿಲ್ಲ. ಅಣ್ಣ ಇರುವುದು ಅಂಥದೊಂದರ ಮೇಲಂತಸ್ತಿನಲ್ಲಿ. ಒಂದು ಕಟ್ಟಡ ಕಂಪನಿಯಲ್ಲಿ ಖರೀದಿ ಇಂಜಿನಿಯರ್. ಟೆಂಡರು ಕರೆಯುವುದು, ಬಂದವಕ್ಕೆ ಅಂಕ ಹಾಕುವುದು ಅವನ ಕೆಲಸ. ಅಂಕ ಹೆಚ್ಚು ಬಂದ ಪಂಪು, ಕೇಬಲ್ಲು, ಲಿಫ್ಟು ಗೆಲ್ಲುತ್ತದೆ. ಕಂಪನಿಯ ಒಡೆಯ ನಾಸಿರ್. ಎಲ್ಲರ ಬಾಯಲ್ಲೂ ಅವರು ಕಫೀಲ್. ಅವರ ಸಹಿ ಇಲ್ಲದೆ ಅಣ್ಣನ ವೀಸಾ ಇಲ್ಲ, ಈ ಮನೆಯಿಲ್ಲ, ಮಗಳ ಶಾಲೆಯಿಲ್ಲ.

ಊಟಕ್ಕೆ ಕೂತಾಗ ವಿಷಯ ಹೊರಬಂತು. ನಾಸಿರ್ ಅವರ ಮಗಳು ಶಮ್ಸಾ ಮಸ್ಕತ್ತಿನಲ್ಲಿ ಓದುತ್ತಾಳೆ. ಕಾಲೇಜಿನ ಸಣ್ಣ ಬಂದೂಕಿನಲ್ಲಿ ಚೆನ್ನಾಗಿ ಹೊಡೆದಿದ್ದಾಳೆ. ಈಗ ದೂರದ ಗುರಿಯ ಆಟಕ್ಕೆ ಇಳಿಯಬೇಕಂತೆ, ಚಳಿಗಾಲ ಮುಗಿಯುವುದರೊಳಗೆ ಹೆಣ್ಣುಮಕ್ಕಳ ಆಯ್ಕೆಯಿದೆಯಂತೆ. ಒಂದು ಬಂದೂಕು ಕೊಡಿಸಲು ತಂದೆ ಒಪ್ಪಿದ್ದಾರೆ. ಆದರೆ ಮನೆಯ ಹಿರಿಯನೆಂದರೆ ಒಳನಾಡಿನ ಇಬ್ರಾದಲ್ಲಿರುವ ಅಜ್ಜ. ಬರುವ ಗುರುವಾರ ಅವರೆದುರು ಆಕೆ ಹೊಡೆದು ತೋರಿಸಬೇಕು. ಅಜ್ಜ ಸೈ ಅಂದರೆ ಆಯ್ಕೆಗೆ ಹೋಗಬಹುದು, ಇಲ್ಲವಾದರೆ ಈ ಹುಚ್ಚು ಅಲ್ಲಿಗೆ ಖಲಾಸ್.

"ಬಂದೂಕು ಆರಿಸೂ ಕೆಲಸ ನಂಗ ಕೊಟ್ಟಾರ" ಎಂದ ಅಣ್ಣ, ಸಾರು ಸುರಿದುಕೊಳ್ಳುತ್ತ.

"ನಿಂಗ? ನೀ ದೀಪಾವಳಿ ಪಿಸ್ತೂಲು ಸುದ್ದಾ ಹಿಡದಾವ ಅಲ್ಲ."

"ಬಿಲ್ಡಿಂಗ್ ತಂಪ ಇಡೂ ಚಿಲ್ಲರ್ ಆರಿಸಿದ್ದು ಯಾರು? ನಾನು. ಅದರ ಹೊಟ್ಟ್ಯಾಗ ಹೊಕ್ಕು ನೋಡೀನೇನು? ಒಂದು ಮೆಥಡ್ ಇರ್ತದ ಸುಧಾ."

ಮಾಲಿನಿ ವೈನಿ ಮೈಸೂರಿನವರು, ಅಣ್ಣನ ಜೊತೆ ಬಾಳಿ ಬಾಯಿ ಹರಿತ ಮಾಡಿಕೊಂಡವರು. "ಮೆಥಡ್ಡಂತೆ! ಕುಕ್ಕರ್ ತಗೊಳ್ಳೋಕೂ ಮಾರ್ಕ್ಸ್ ಹಾಕಿದ್ರು ಕಣೆ. ಗೆದ್ದ ಕುಕ್ಕರು ನಮ್ಮ ಸ್ಟೋವ್ ಮೇಲೆ ಕೂರ್ಲಿಲ್ಲ."

ಅಣ್ಣ ನಗಲಿಲ್ಲ. ಗುಂಡಿನ ಬಲಕ್ಕಿಷ್ಟು, ದೂರಕ್ಕಿಷ್ಟು, ತಯಾರಾದ ದೇಶಕ್ಕಿಷ್ಟು, ಹೊಳಪಿಗಿಷ್ಟು ಎಂದು ಐದು ಬಂದೂಕುಗಳಿಗೆ ಅಂಕ ಹಾಕಿದ್ದ. ಗೆದ್ದದ್ದು ಮುನ್ನೂರರ ಮ್ಯಾಗ್ನಮ್. ಆನೆಯಂಥ ಗುಂಡು.

ನಾನು ತಾಳ್ಮೆಯಿಂದಲೇ ಹೇಳಿದೆ. ದೂರದ ಗುರಿಗೆ ಹೊಸಬರಾದವರಿಗೆ ಭಾರಿ ಮದ್ದಿನ ಗುಂಡು ಬೇಡ. ಹಿಂದಕ್ಕೆ ಒದೆಯುವ ಏಟು ಜೋರಾದರೆ, ಗುಂಡು ಹಾರುವ ಮೊದಲೇ ದೇಹ ಹೆದರಿ ಕಣ್ಣು ಮುಚ್ಚುತ್ತದೆ, ಭುಜ ಮುದುಡುತ್ತದೆ. ಆ ಅಳುಕು ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಮೂರು-ಸೊನ್ನೆ-ಎಂಟರ ಬಂದೂಕು ಸಾಕು, ಅಂಕಿ ದೊಡ್ಡದಾದರೂ ಅದರ ಮದ್ದು ಕಡಿಮೆ; ಮೈ ಹಗುರವಿದ್ದರೆ ಎರಡು-ಎರಡು-ಮೂರು ಇನ್ನೂ ವಾಸಿ. ಸಣ್ಣ ಗುಂಡನ್ನು ಗಾಳಿ ಹೆಚ್ಚು ತಳ್ಳುತ್ತದೆ, ತಳ್ಳಲಿ. ಹಾಗೆ ತಳ್ಳಿದಾಗಲೇ ಗಾಳಿಯನ್ನು ಓದಲು ಕಲಿಯುವುದು. ದಪ್ಪ ನಳಿಗೆ, ತಡವರಿಸದ ಟ್ರಿಗರ್, ಬಂದೂಕಿನ ಮೇಲೆ ಕೂರಿಸಲು ಅದರಷ್ಟೇ ಒಳ್ಳೆಯ ದುರ್ಬೀನು ಬೇಕು. ಎಲ್ಲಕ್ಕಿಂತ ಮೊದಲು, ಭುಜಕ್ಕಿಡುವ ಹಿಂಬದಿಯ ಬಟ್ಟು ಹಿಡಿಯುವವರ ಮೈಗೆ ಹೊಂದಬೇಕು.

"ಆಕೀ ತೋಳು ಎಷ್ಟು ಉದ್ದ ಅದ?" ಎಂದೆ.

"ಯಾರ ತೋಳು?"

"ಆ ಹುಡುಗೀದು. ಹೊಡಿಯಾಕೀದು."

"ಅದಕ್ಕ ಕಾಲಮ್ ಇಲ್ಲ" ಎಂದ ಅಣ್ಣ.

ತಾನು ಹಾಗೆಂದೆನೆಂದು ಅವನು ಈಗ ಒಪ್ಪುವುದಿಲ್ಲ. ಡೈರಿಯಲ್ಲಿ ಹಾಗೇ ಇದೆ. ಬರೆದವಳಿಗೆ ಆಗಲೇ ಸಿಟ್ಟು ಬಂದಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮತ್ರಾ

ಮಸ್ಕತ್ತಿನ ಹಳೆಯ ಬಂದರುಪೇಟೆ ಮತ್ರಾದ ಓಣಿಗಳು ನನಗೆ ಹಿಡಿಸಿದವು. ಲೋಬಾನದ ಹೊಗೆ, ಬೆಳ್ಳಿಯ ಬಾಗುಕತ್ತಿಗಳು, ತಲೆಮಾರುಗಳಿಂದ ಇಲ್ಲೇ ಇರುವ ಗುಜರಾತಿ ಸೇಠರ ಗದ್ದುಗೆಗಳು. ಹುಬ್ಬಳ್ಳಿಯ ದುರ್ಗದ ಬೈಲಿನಂತೆ ಒಬ್ಬರ ಭುಜ ಇನ್ನೊಬ್ಬರಿಗೆ ತಾಗದೆ ನಡೆಯಲಾಗದು. ಸೀಬಿನಲ್ಲಿ ಕಳೆದುಹೋದ ಕಾಲುಗಳು ಇಲ್ಲಿ ಸಿಕ್ಕಂತಾದವು.

ಪರವಾನಗಿಯ ಬಂದೂಕಿನ ಅಂಗಡಿ ಓಣಿಗಳ ಹಿಂದೆ. ನಾಸಿರ್ ಆಗಲೇ ಬಂದಿದ್ದರು. ಮುಂಬಯಿಯಲ್ಲಿ ಓದಿದವರು, ಸಲೀಸಾದ ಹಿಂದಿ. "ಬನ್ನಿ ಚಾಂಪಿಯನ್!" ಎಂದರು. ಅಂಗಡಿಯಾತನೂ ಎದ್ದು ನಿಂತು, "ನೀವು ಆರಿಸಿದ್ದೇ ಸರಿಯಾದ ಮಾಲು ಮೇಡಂ" ಎಂದ.

ನಾನು ಆರಿಸಿದ್ದೇ? ಗಾಜಿನ ಮೇಲೆ ಮ್ಯಾಗ್ನಮ್ ಮಲಗಿತ್ತು. ಆಕ್ರೋಡ್ ಮರದ ಬಟ್ಟು, ಮದುವೆ ಮನೆಯ ಮಂಚದ ಹಾಗೆ ಮಿರಮಿರ. ಖರೀದಿಯಾಗಿಹೋಗಿತ್ತು. ರಾಜ್ಯಮಟ್ಟದ ಚಾಂಪಿಯನ್ ಆದ ತನ್ನ ತಂಗಿಯೇ ಆರಿಸಿದ್ದು ಎಂದು ಅಣ್ಣ ಹೇಳಿಬಿಟ್ಟಿದ್ದ. ನನ್ನನ್ನು ಕರೆಸಿದ್ದು ಅಭಿಪ್ರಾಯಕ್ಕಲ್ಲ, ಮುದ್ರೆಗೆ. ರಾಜ್ಯಮಟ್ಟದಲ್ಲಿ ನಾನು ಗುರಿ ಇಟ್ಟವಳೇ ಅಲ್ಲ. ಆಯ್ಕೆಯ ಶಿಬಿರದಲ್ಲೇ ಮನೆಗೆ ಕಳಿಸಿದ್ದರು.

"ಶಮ್ಸಾ ಎಲ್ಲಿ?" ಎಂದೆ.

"ಅವಳಿಗೆ ಇದು ಸರ್‌ಪ್ರೈಸ್" ಎಂದರು ನಾಸಿರ್, ಸಂತೋಷದಿಂದ. ಒಳ್ಳೆಯ ಮನುಷ್ಯ. ಮಗಳಿಗೆ ಒಡವೆ ಕೊಡಿಸುವ ಅಪ್ಪನ ಮುಖ. ಅದರಿಂದಲೇ ನನಗೆ ಇನ್ನಷ್ಟು ಉರಿಯಿತು. ಒಡವೆಗೂ ಬೆರಳಿನ ಅಳತೆ ಕೇಳುತ್ತಾರಲ್ಲ!

ಮೂಲೆಯಲ್ಲಿ ಸಾದಾ ಮೂರು-ಸೊನ್ನೆ-ಎಂಟು ಒಂದು ನಿಂತಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೈ, ದಪ್ಪ ನಳಿಗೆ, ಬಟ್ಟಿನ ತುದಿಯ ಬಿಲ್ಲೆಗಳನ್ನು ಬಿಚ್ಚಿ ಗಿಡ್ಡ ಮಾಡಿಕೊಳ್ಳಬಹುದಾದದ್ದು. ಅದನ್ನು ತೋರಿಸಲು ಬಾಯಿ ತೆರೆದೆ. ನಾಸಿರ್‌ಗೆ ಫೋನು ಬಂದು ಹೊರಗೆ ಹೋದರು. ಅಣ್ಣ ನನ್ನ ಮೊಣಕೈ ಹಿಡಿದ.

"ಸುಧಾ, ಮನೀಗೆ ಹೋಗಿ ಮಾತಾಡೋಣು. ವೀಸಾ ರಿನ್ಯೂವಲ್ ಬಂದದ."

"ನನ್ನ ಹೆಸರು ಯಾಕ ಹೇಳ್ದಿ?"

"ಅವರು ಕೇಳಿದ್ರು, ಇದು ಎಕ್ಸ್‌ಪರ್ಟ್ ಒಪೀನಿಯನ್ ಏನು ಅಂತ. ನಾ ಏನ್ ಹೇಳ್ಲಿ, ಕುಕ್ಕರ್ ಆರಿಸಿದಾಂವ ಆರಿಸೀನಿ ಅಂತ ಹೇಳ್ಲೇನು?"

ಕಫೀಲ್ ಕೇಳಿದರೆ ಇಲ್ಲಿ ಯಾರೂ ಗೊತ್ತಿಲ್ಲ ಎನ್ನುವುದಿಲ್ಲ. ಗೊತ್ತಿಲ್ಲದ್ದಕ್ಕೆ ಒಂದು ಮೆಥಡ್ ಹುಡುಕುತ್ತಾರೆ. ನಾಸಿರ್ ಮರಳಿದಾಗ ನಾನು ಸುಮ್ಮನೆ ನಿಂತಿದ್ದೆ.

ಇಬ್ರಾದ ದಾರಿ

ಬುಧವಾರ ಬೆಳಗ್ಗೆ ಅಣ್ಣನ ಸಹೋದ್ಯೋಗಿ ಶೆಟ್ಟರ ಕಾರಿನಲ್ಲಿ ಹೊರಟೆವು. ಶೆಟ್ಟರು ಕುಂದಾಪುರ ಕಡೆಯವರು, ಹೊರಡುವ ಮೊದಲು ಕಾರು ತೊಳೆಯುತ್ತಿದ್ದರು. ಕಾರಿನ ಮೇಲೆ ಧೂಳಿದ್ದರೆ ಇಲ್ಲಿ ಪೊಲೀಸರು ದಂಡ ಹಾಕುತ್ತಾರಂತೆ. ನಮ್ಮೂರಿನಲ್ಲಿ ಹಾಗಾದರೆ ಪೊಲೀಸ್ ಜೀಪೇ ಮೊದಲು ಸಿಕ್ಕಿಬೀಳುತ್ತದೆ.

ಬೆಟ್ಟಗಳು ಬೋಳು, ಒಂದು ಹುಲ್ಲೂ ಇಲ್ಲ. ವೇಗ ನೂರಿಪ್ಪತ್ತು ದಾಟಿದೊಡನೆ ಕಾರು ಪೂಜೆಯ ಗಂಟೆಯಂತೆ ಟಿಣ್ ಟಿಣ್ ಎನ್ನುತ್ತದೆ. ಅಣ್ಣನೂ ನಾನೂ ಮಾತು ಬಿಟ್ಟಿದ್ದೆವು.

"ಎಂತ ಮಾರಾಯ್ರೆ, ಅಣ್ಣ ತಂಗಿ ಕೋರ್ಟಿಗೆ ಹೋಗುವವರ ಹಾಗೆ ಕೂತದ್ದು?" ಎಂದರು ಶೆಟ್ಟರು. "ಆ ಅಂಕದ ಟೇಬಲ್ ನಾನೂ ನೋಡಿದ್ದೇನೆ ಅಕ್ಕ. ಹೊಳಪಿಗೆ ಹತ್ತು ಅಂಕ ಉಂಟು. ಗುಂಡು ತಾಗುವವನು ಹೊಳಪು ನೋಡಿ ಸಾಯ್ತಾನಾ ಅಂತ ಕೇಳಿದೆ. ಇವರಿಗೆ ಸಿಟ್ಟು ಬಂತು."

"ಶೆಟ್ರೇ, ರೋಡ್ ನೋಡ್ರಿ" ಎಂದ ಅಣ್ಣ. ಟಿಣ್ ಟಿಣ್ ಎಂದಿತು ಕಾರು.

ಇಬ್ರಾ, ಹೆಂಗಸರ ಸಂತೆ

ಬುಧವಾರ ಇಬ್ರಾದಲ್ಲಿ ಹೆಂಗಸರ ಸಂತೆ. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು. ಗಂಡಸು ಒಳಗೆ ಕಾಲಿಡುವ ಹಾಗಿಲ್ಲ. ಶಮ್ಸಾ ಬಾಗಿಲಲ್ಲೇ ಕಾದಿದ್ದಳು. ಸಣ್ಣ ಮೈಕಟ್ಟು, ದೊಡ್ಡ ದನಿ, ಚುರುಕಾದ ಇಂಗ್ಲಿಷು. ಅಣ್ಣ ನಮ್ಮ ಹಿಂದೆಯೇ ಬಂದ. ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕೋಳಿ ಅಟ್ಟುವ ಹಾಗೆ ಕೈ ಬೀಸಿದಳು. ಆ ಪ್ರವಾಸದಲ್ಲಿ ನನಗೆ ಮೊದಲ ಬಾರಿಗೆ ಖುಷಿಯಾದದ್ದು ಆಗ.

ಒಳಗೆ ಬಟ್ಟೆ, ಕಸೂತಿ, ಕಾಡಿಗೆ, ಬಳೆ, ಅತ್ತರು. ಶಮ್ಸಾ ನೇರ ಕೇಳಿದಳು: "ಅಪ್ಪ ತಂದಿದ್ದಾರೆ ಅಂತ ಗೊತ್ತು, ತಮ್ಮಂದಿರು ಬಾಯಿಬಿಟ್ಟಿದ್ದಾರೆ. ನೀವೇ ಆರಿಸಿದ್ದಂತೆ. ಯಾಕೆ ಮ್ಯಾಗ್ನಮ್? ನನಗೆ ಬೇಕಾಗಿದ್ದು ಅದಲ್ಲ."

"ನಾನು ಆರಿಸಿಲ್ಲ" ಎಂದೆ. ಎರಡು ದಿನ ಗಂಟಲಲ್ಲಿದ್ದ ಮಾತು ಇಷ್ಟು ಸಣ್ಣದೇ ಎನಿಸಿತು.

ಬಟ್ಟೆಯಂಗಡಿಯವಳ ಮರದ ಅಳತೆಕೋಲು ಕೇಳಿ ಪಡೆದೆ. ಶಮ್ಸಾಳ ಮೊಣಕೈ ಮಡಿಸಿ, ಕೋಲಿನ ತುದಿಯನ್ನು ಆ ಮಡಿಕೆಗೆ ಒತ್ತಿ, ಮುಂಗೈಗುಂಟ ಮಲಗಿಸಿದೆ. ತೋರುಬೆರಳು ಟ್ರಿಗರ್ ಹಿಡಿಯುವಂತೆ ಬಾಗುವ ಕಡೆ ಕಾಡಿಗೆಯ ಗುರುತು ಹಾಕಿದೆ. ಬಟ್ಟಿಗೂ ಟ್ರಿಗರಿಗೂ ಇರಬೇಕಾದ ದೂರ ಅದು. ಬೇರೆ ವಿದ್ಯೆ ಬೇಡ.

"ಏನು ಹೊಲಿಯುತ್ತೀರಿ?" ಎಂದು ಬಟ್ಟೆಯವಳು ಕೇಳಿದಳಂತೆ. ಶಮ್ಸಾ ಉತ್ತರ ಹೇಳಿದ್ದೇ ತಡ ಸುತ್ತಲಿನ ಹೆಂಗಸರೆಲ್ಲ ನಗತೊಡಗಿದರು. ಒಬ್ಬಳು ತನ್ನ ತೋಳನ್ನೂ ಮುಂದೆ ಚಾಚಿದಳು. ಅವಳ ಹಿಂದೆ ಇನ್ನೊಬ್ಬಳು. "ಇವಳಿಗೆ ಗಂಡನನ್ನು ಹೊಡೆಯೋಕೆ ಬೇಕಂತೆ" ಎಂದು ಶಮ್ಸಾ ಅನುವಾದಿಸಿದಳು, "ದೂರ ಎಷ್ಟು ಅಂದ್ರೆ, ಅಡುಗೆಮನೆಯಿಂದ ಹಾಸಿಗೆಯವರೆಗೆ!"

ಆ ನಗುವಿನ ನಡುವೆ ನನಗೆ ಆಯ್ಕೆಯ ಶಿಬಿರ ನಡೆದ ಧಾರವಾಡದ ಮೈದಾನ ನೆನಪಾಯಿತು. ಗಂಡಸರಿಗೆಂದು ಮಾಡಿದ ಉದ್ದನೆಯ ಬಂದೂಕು. "ಹುಡುಗ್ಯಾರ ಕೈ ನಡಗ್ತಾವ ಸಾಹೇಬ್ರ" ಎಂದ ಹವಾಲ್ದಾರ. ನನ್ನ ತೋಳನ್ನು ಯಾರೂ ಯಾವತ್ತೂ ಅಳೆದಿರಲಿಲ್ಲ. ಅಥವಾ ಬಂದೂಕು ಸರಿಯಾಗೇ ಇದ್ದು ನನ್ನ ಕೈಯೇ ನಡುಗಿತ್ತೋ? ಇಷ್ಟು ವರ್ಷ ಕಳೆದ ಮೇಲೆ ಸೋತವಳ ನೆನಪು ಬಂದೂಕನ್ನು ಎಷ್ಟು ಬೇಕಾದರೂ ಉದ್ದ ಮಾಡಬಲ್ಲದು. ನನ್ನ ಸಿಟ್ಟು ಶಮ್ಸಾಳಿಗಾಗಿಯೋ ನನಗಾಗಿಯೋ ಎಂದು ಅಂದು ರಾತ್ರಿ ಬರೆದಿದ್ದೇನೆ. ಉತ್ತರ ಬರೆದಿಲ್ಲ.

"ನಾಳೆ ಅದನ್ನು ಹೊಡೆಯಬೇಡ" ಎಂದೆ.

"ಹೊಡೆಯಲೇಬೇಕು. ಅಜ್ಜ ಕೂರುವುದು ಒಂದೇ ಸಲ. ಬೇಡ ಅಂದರೆ ಹೆದರಿದಳು ಅಂತಾರೆ."

"ಹೊಡೆದರೆ ಹೆದರುತ್ತೀ."

"ಹೆದರಿದ್ದು ನನಗೆ ಮಾತ್ರ ಗೊತ್ತಾಗುತ್ತೆ" ಎಂದಳು.

ಇಬ್ರಾ, ಗುರುವಾರ

ಊರ ಹೊರಗೆ ಒಣ ಹೊಳೆಯ ಪಾತ್ರ, ಆಚೆಗೆ ಗುಡ್ಡ. ಗುಡ್ಡದ ಬುಡದಲ್ಲಿ ಬಿಳಿ ಗುರಿಹಲಗೆ. ಈಚೆ ಜಮಖಾನ, ಖರ್ಜೂರ, ಕಾಫಿ. ಹಳೆಯ ಬಂದೂಕುಗಳನ್ನು ಊರುಗೋಲಿನಂತೆ ಹಿಡಿದ ಚಿಕ್ಕಪ್ಪಂದಿರು. ಹೆಂಗಸರು ದೂರದ ಡೇರೆಯಲ್ಲಿ. ನನ್ನನ್ನು ಚಾಂಪಿಯನ್ ಎಂದು ಗಂಡಸರ ಜಮಖಾನದಲ್ಲೇ ಕೂರಿಸಿದರು. ಕಾಫಿ ಕುಡಿದಂತೆಲ್ಲ ಬಟ್ಟಲು ತುಂಬುತ್ತಿದ್ದರು. ಸಾಕೆಂದರೂ ಕೇಳರು. ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿದರೆ ಮಾತ್ರ ಸಾಕು ಎಂದರ್ಥವಂತೆ. ಶೆಟ್ಟರು ಇದನ್ನು ಪಿಸುಗುಡುವ ಹೊತ್ತಿಗೆ ನಾನು ಏಳನೆಯ ಬಟ್ಟಲಿನಲ್ಲಿದ್ದೆ.

ಅಜ್ಜ ಬಂದು ಕೂತರು. ನಾಸಿರ್ ಮ್ಯಾಗ್ನಮ್ಮನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ, ನನ್ನತ್ತ ಕೈಮಾಡಿ ಏನೋ ಹೇಳಿದರು. ಎಲ್ಲರೂ ನನ್ನನ್ನು ನೋಡಿ ತಲೆದೂಗಿದರು.

ಶಮ್ಸಾ ಬೋರಲು ಮಲಗಿದಳು. ಬಟ್ಟು ಅವಳ ಭುಜಕ್ಕೆ ಕೂರದೆ ತೋಳಿನ ಮೇಲೆ ಜಾರಿತು. ದುರ್ಬೀನಿಗೆ ಕಣ್ಣು ನಿಲುಕಿಸಲು ಕತ್ತು ಮುಂದೆ ಚಾಚಿದಳು. "ಸ್ಟಾಪ್" ಎಂದು ನಾನು ಕೂಗಿದೆನೆಂದು ಡೈರಿಯಲ್ಲಿದೆ. ನನ್ನ ನೆನಪಿನಲ್ಲಿ ಆ ಕೂಗಿನ ಸದ್ದಿಲ್ಲ. ಶೆಟ್ಟರೂ ಕೇಳಿಸಿಕೊಂಡಿಲ್ಲ.

ಗುಡ್ಡ ಗುಡುಗಿತು. ಗುರಿಹಲಗೆಯ ಎಷ್ಟೋ ಮೇಲೆ ಧೂಳೆದ್ದಿತು. ಬಂದೂಕು ಹಿಂದಕ್ಕೆ ಒದ್ದು ದುರ್ಬೀನಿನ ಬಳೆ ಅವಳ ಹುಬ್ಬನ್ನು ಸೀಳಿತ್ತು. ರಕ್ತ ಕಣ್ಣಿಗಿಳಿಯುತ್ತಿತ್ತು.

ಡೇರೆಯಿಂದ ಯಾರೋ ಚೀರಿದರು. ಒಬ್ಬ ಚಿಕ್ಕಪ್ಪ ತನ್ನ ಕೈಯ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ "ಖಲಾಸ್" ಎಂದ. ಇನ್ನೊಬ್ಬ ನಗುತ್ತ ಇನ್ನೇನೋ ಅಂದ. ನನಗೆ ಅರಬಿ ಬಾರದು. ಆದರೂ ಆ ಮಾತು ಧಾರವಾಡದ ಮೈದಾನದಲ್ಲಿ ಕೇಳಿದ್ದೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಇತಿಹಾಸದವಳು ಮಾಡಬಾರದ ಪ್ರಮಾಣ ಅದು.

ಎದ್ದು ನಿಂತೆ. ಎಲ್ಲರಿಗೂ ತಿಳಿಯಲಿ ಎಂದು, ಇಲ್ಲಿ ಬಹುಪಾಲು ಜನಕ್ಕೆ ಬರುವ ಹಿಂದಿಯಲ್ಲೇ ಹೇಳಿದೆ: "ನಾನು ಚಾಂಪಿಯನ್ ಅಲ್ಲ. ಈ ಬಂದೂಕನ್ನು ನಾನು ಆರಿಸಿಲ್ಲ. ಹೊಡೆಯುವವಳನ್ನು ಕೇಳದೆ ಆರಿಸಿದ್ದು ಇದು. ತಪ್ಪು ಅವಳ ಕೈಯದ್ದಲ್ಲ."

ಕಾಫಿ ಸುರಿಯುತ್ತಿದ್ದವನು ಹಾಗೇ ನಿಂತ. ನಾಸಿರ್ ಅಣ್ಣನ ಕಡೆ ತಿರುಗಿದರು. ಅಣ್ಣ ಬಾಯಿ ತೆರೆದ. "ಸರ್, ಟೆಕ್ನಿಕಲ್ ಇವ್ಯಾಲ್ಯುಯೇಷನ್..." ಶೆಟ್ಟರು ಜಮಖಾನದ ಅಂಚಿನ ದಾರ ಎಳೆಯುತ್ತಿದ್ದರು.

ಮಾತಾಡಿದ್ದು ಶಮ್ಸಾ. ತಲೆವಸ್ತ್ರವನ್ನು ಹುಬ್ಬಿನ ಮೇಲೆ ಬಿಗಿದುಕೊಂಡು, ಬಂದೂಕು ಸಿಡಿಯದ ಹಾಗೆ ಅದರ ಬೋಲ್ಟನ್ನು ಹೊರಗೆಳೆದು ನನ್ನ ಕೈಗಿತ್ತಳು. ಮೊಣಕೈ ಮಡಿಸಿದಳು. ಬಟ್ಟಿನ ತುದಿಯನ್ನು ಆ ಮಡಿಕೆಗೆ ಒತ್ತಿ, ಹಿಂದಿನ ದಿನ ಸಂತೆಯಲ್ಲಿ ಮಾಡಿದ ಹಾಗೆಯೇ, ಮುಂಗೈಯನ್ನು ಅದರಗುಂಟ ಚಾಚಿದಳು. ತೋರುಬೆರಳು ಬಾಗಿತು. ಬೆರಳಿಗೂ ಟ್ರಿಗರಿಗೂ ನಡುವೆ ಬರಿಯ ಗಾಳಿ.

"ಬಾಬಾ, ಶೂಫ್" ಎಂದಳು. ಅಪ್ಪಾ, ನೋಡು.

ಅಜ್ಜ ಅವಳನ್ನು ಹತ್ತಿರ ಕರೆದರು. ಇನ್ನೊಮ್ಮೆ ಮಾಡಿಸಿದರು. ಆ ಗಾಳಿಯೊಳಗೆ ತಮ್ಮ ಎರಡು ಬೆರಳು ತೂರಿಸಿದರು. ಎರಡೂ ಹಿಡಿದವು. ಮಗ ನಾಸಿರ್ ಕಡೆ ನೋಡಿದರು.

ನಾಸಿರ್ ಮಗಳ ಹುಬ್ಬನ್ನು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, ನಾನು ಅವರಿಂದ ಮೊದಲು ಕೇಳಿರದ ದನಿಯಲ್ಲಿ ಅಣ್ಣನಿಗೆ ಹೇಳಿದರು: "ಇಂಜಿನಿಯರ್ ಸಾಹೇಬ್, ಇದಕ್ಕೆ ಎಷ್ಟು ಅಂಕ ಕೊಟ್ಟಿದ್ದಿರಿ?"

ಆಗ ನಾನು ಅಣ್ಣನ ಮುಖ ನೋಡಿದೆ. ಗೆದ್ದೆ ಎನಿಸಿತು ಎಂದು ಡೈರಿಯಲ್ಲಿದೆ. ನನಗೆ ನೆನಪಿರುವುದು ಅವನ ಕೆಳದುಟಿ. ಏಳನೆಯ ತರಗತಿಯಲ್ಲಿ ಗಣಿತದಲ್ಲಿ ಕಡಿಮೆ ಅಂಕ ತಂದಾಗ ಅಪ್ಪನೆದುರು ಹೀಗೇ ಅದುರುತ್ತಿತ್ತು.

ಮತ್ತೆ ವಿಮಾನ ನಿಲ್ದಾಣ

ವಾಪಸು ಬರುವಾಗ ಕಾರು ಒಮ್ಮೆಯೂ ಟಿಣ್ ಎನ್ನಲಿಲ್ಲ. ಮನೆಯಲ್ಲಿ ಅಣ್ಣ ತಟ್ಟೆಗೆ ಮುಖ ತಗ್ಗಿಸಿ ಉಂಡ. ವೈನಿ ನನಗೆ ಎರಡು ಹೋಳಿಗೆ ಹೆಚ್ಚು ಬಡಿಸಿದರು, ಅದೂ ಅವನಿಗೆ ಕಾಣುವ ಹಾಗೆ.

ನಿಲ್ದಾಣದ ಬಾಗಿಲಲ್ಲಿ ನನ್ನ ಚೀಲ ಇಳಿಸುತ್ತ ಕೊನೆಗೆ ಬಾಯಿಬಿಟ್ಟ. "ಮನೀ ಒಳಗ ಹೇಳಬಹುದಿತ್ತು."

"ಮನೀ ಒಳಗೇ ಹೇಳಿದ್ದೆ. ಸಾರು ಸುರಕೊಳ್ಳಾಕ್ ಹತ್ತಿದ್ದಿ."

ಚೀಲದ ಹಿಡಿ ನನ್ನ ಕೈಗಿಟ್ಟು ಹೇಳಿದ: "ಬಂದೂಕು ವಾಪಸ್ ಹೋಗ್ಲಿಕತ್ತದ. ಮುದುಕರು ಇನ್ನೊಂದು ಸಲ ಕೂಡ್ತೀನಿ ಅಂದಾರಂತ, ಹುಬ್ಬಿನ ಹೊಲಿಗಿ ಬಿಚ್ಚಿದಮ್ಯಾಲೆ. ಶನಿವಾರ ಆಕೀನೇ ಮತ್ರಾಕ್ಕ ಹೋಗಿ ಆರಿಸ್ತಾಳ. ಕರಕೊಂಡು ಹೋಗೋ ಡ್ಯೂಟಿ ನಂದು."

"ವೀಸಾ?"

"ಸಹಿ ಹಾಕ್ಯಾರ. ಹಾಕೂಮುಂದ ಒಂದು ಮಾತು ಅಂದ್ರು. ಅಂಗಡ್ಯಾಗ ನೀವು ಬಾಯಿ ಮುಚಗೊಂಡು ನಿಲ್ರಿ, ಅಂತ."

"ಹಂಗಾರ ಅದಕ್ಕೊಂದು ಕಾಲಮ್ ಹಾಕ್ಕೊ" ಎಂದೆ.

ಅವನು ನಗಲಿಲ್ಲ. ನಾನು ನಕ್ಕೆನೆಂದು ಡೈರಿಯಲ್ಲಿ ಬರೆದಿಲ್ಲ. ಒಳಗೆ ಹೋಗಿ ತಿರುಗಿ ನೋಡಿದಾಗ ಅವನು ಇನ್ನೂ ಕಾರಿನ ಪಕ್ಕದಲ್ಲಿ ನಿಂತಿದ್ದ. ಮೊಣಕೈ ಮಡಿಸಿ, ಮುಂಗೈ ಚಾಚಿ, ತನ್ನದೇ ತೋರುಬೆರಳನ್ನು ಬಾಗಿಸಿ ನೋಡುತ್ತಿದ್ದ. ಇದನ್ನು ಮಾತ್ರ ನಾನು ಕಂಡದ್ದು ನಿಜ.